ಬೀಸು, ಕಡೆ, ಗಿರಣಿ: ಗಡಿಯಾಚೆಯ ಮೂರು ಮಾತು

ಇಂಗ್ಲಿಷಿನವರು ‘ಗ್ರೈಂಡಿಂಗ್’ ಅಂತ ಒಂದೇ ಮಾತಲ್ಲಿ ಮುಗಿಸೋದಕ್ಕೆ ಕನ್ನಡದಲ್ಲಿ ಹಲವು ಕ್ರಿಯಾಪದಗಳಿವೆ. ಜೋಳ ಬೀಸುತ್ತೇವೆ, ನೆನೆದ ಅಕ್ಕಿ ರುಬ್ಬುತ್ತೇವೆ, ಮಸಾಲೆ ಅರೆಯುತ್ತೇವೆ, ಗಂಧ ತೇಯುತ್ತೇವೆ. ಕಾಸರಗೋಡಿನಲ್ಲಿ ರುಬ್ಬುವುದೇ ‘ಕಡೆಯುವುದು’. ಒಳನಾಡಿನವರಿಗೆ ಕಡೆಯೋದು ಅಂದ್ರೆ ಮೊಸರು. ‘ಅರೆ’ ಧಾತು ತಮಿಳು, ಮಲಯಾಳಗಳಲ್ಲೂ ಇದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಗೆ ಬಂದರೆ ‘ಬೀಸು’ವಿನ ಜೊತೆ ಹಾಡೂ ಬರುತ್ತದೆ. ನಸುಕಿನಲ್ಲಿ ಕನ್ನಡದ ಹೆಂಗಸರು ಬೀಸುಕಲ್ಲಿನ ಮುಂದೆ ತ್ರಿಪದಿ ಹಾಡುತ್ತಿದ್ದರು. ಮರಾಠಿ ಮನೆಗಳಲ್ಲಿ ಓವಿ. ಭೀಮಾ ನದಿಯ ಈಚೆಗಿನ ಹಲಸಂಗಿಯ ಗೆಳೆಯರು ಇಂಥ ತ್ರಿಪದಿಗಳನ್ನು ಕೂಡಿಸಿದ್ದರಿಂದಲೇ 1931ರಲ್ಲಿ ‘ಗರತಿಯ ಹಾಡು’ ಬಂತು. ಓದು ಬಾರದ ತಾಯಿಯಿಂದ ಮಗಳಿಗೆ ಕನ್ನಡ ಪದ್ಯ ದಾಟಿದ್ದು ಈ ಕಲ್ಲಿನ ಮುಂದೆ. ಶಾಲೆ ಮರಾಠಿಯದಾದ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ.

ಆಮೇಲೆ ಗಿರಣಿ ಬಂತು. ಮರಾಠಿಯಲ್ಲೂ ಇದೇ ಮಾತು. ಸೊಲ್ಲಾಪುರದಲ್ಲಿ ಹಿಟ್ಟು ಮಾಡೋದೂ ಗಿರಣಿ, 1877ರಲ್ಲಿ ಶುರುವಾದ ಬಟ್ಟೆ ಮಿಲ್ಲೂ ಗಿರಣಿ. ‘ಗಿರಣಿಗೆ ಹೋಗಿ ಬೀಸ್ಕೊಂಡ್ ಬಾ’ ಅಂತ ಈಗಲೂ ಅಂತಾರೆ. ಕ್ರಿಯಾಪದ ಉಳೀತು, ಬೀಸುವ ಕೈ ಹೋಯಿತು. ರಟ್ಟೆನೋವು ಹೋಗಿದ್ದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ಬೆಲ್ಟಿನ ಸದ್ದಿನಲ್ಲಿ ಹಾಡು ಹುಟ್ಟೋದಿಲ್ಲ.

ಹಾಗಾಗಿ ಕ್ಷೇತ್ರಕಾರ್ಯಕ್ಕೆ ಹೋದಾಗ ‘ಯಾವ ಹಾಡು ಬರ್ತದೆ’ ಅಂತ ಶುರು ಮಾಡೋದು ಬೇಡ ಅನ್ನೋದು ನನ್ನ ಅಭಿಪ್ರಾಯ. ‘ಯವ್ವಾ, ಆಗ ದಿನಾ ಎಷ್ಟು ಬೀಸ್ತಿದ್ರಿ?’ ಅಂತ ಕೇಳೋಣ. ಕೆಲಸ ನೆನಪಾದರೆ ಹಾಡೂ ನೆನಪಾದೀತು.