ನೀರಿನ ಅಳತೆ: ನೀರುಗಂಟಿಯಿಂದ ಡಿಜಿಟಲ್ ಮೀಟರಿನವರೆಗೆ

ಮನೆಮನೆಯ ನಲ್ಲಿಗೆ ಜೋಡಿಸಿದ ಹಳೆಯ ಚಕ್ರದ ಮೀಟರನ್ನು ತೆಗೆದು ಅಲ್ಲಿ ಡಿಜಿಟಲ್ ಮೀಟರನ್ನು ಇರಿಸುವ ಕಾರ್ಯವನ್ನು ನಮ್ಮ ದೇಶದ ಕೆಲವು ಪುರಸಭೆಗಳು ಈಚಿನ ವರ್ಷಗಳಲ್ಲಿ ಕೈಗೊಂಡಿವೆ. ಇದನ್ನು ಕೇವಲ ಯಂತ್ರದ ಬದಲಾವಣೆಯೆಂದು ಎಣಿಸುವುದು ವಾಡಿಕೆ. ಆದರೆ ನೀರನ್ನು ಅಳೆಯುವ ಕ್ರಮವು ಬದಲಾದಾಗಲೆಲ್ಲ, ಆ ಅಳತೆಯನ್ನು ಕಣ್ಣಾರೆ ಕಾಣುವವರು ಯಾರು, ಅದು ತಪ್ಪಿದಾಗ ಉತ್ತರ ಹೇಳಬೇಕಾದವರು ಯಾರು ಎಂಬ ವ್ಯವಸ್ಥೆಯೂ ಬದಲಾಗಿರುವುದು ಚರಿತ್ರೆಯಿಂದ ವಿದಿತವಾಗುತ್ತದೆ. ಈ ಅಂಶವನ್ನು ಕೆಲವು ನಿದರ್ಶನಗಳಿಂದ ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

ಪಟ್ಟಣದ ನೀರಿನ ಲೆಕ್ಕವನ್ನು ಕುರಿತು ನಮಗೆ ದೊರೆತಿರುವ ಪ್ರಾಚೀನ ಗ್ರಂಥಗಳಲ್ಲಿ ರೋಮಿನ ಫ್ರಾಂಟೈನಸನದು ಪ್ರಮುಖವಾದುದು. ಕ್ರಿ. ಶ. ೯೭ರಲ್ಲಿ ನೆರ್ವ ಚಕ್ರವರ್ತಿಯು ಇವನನ್ನು ಆ ನಗರದ ನೀರಿನ ಅಧಿಕಾರಿಯನ್ನಾಗಿ ನೇಮಿಸಿದನು. ಅಲ್ಲಿಯ ಮಾನಕ್ಕೆ ಕ್ವಿನಾರಿಯವೆಂದು ಹೆಸರು. ಅದು ಹರಿದ ನೀರಿನ ಮೊತ್ತವಲ್ಲ. ಕೊಳವೆಯ ಬಾಯಿಯ ಗಾತ್ರ. ವೇಗವು ಹೆಚ್ಚಿದರೆ ಅದೇ ಬಾಯಿಯಿಂದ ಹೆಚ್ಚು ನೀರು ಬರುವುದೆಂಬುದನ್ನು ಫ್ರಾಂಟೈನಸನು ಬಲ್ಲವನಾಗಿದ್ದರೂ ವೇಗವನ್ನು ಅಳೆಯುವ ಸಾಧನವು ಅವನಲ್ಲಿರಲಿಲ್ಲ. ಕೊಳವೆಯ ಮೊದಲಲ್ಲಿ ಮುದ್ರೆಯೊತ್ತಿದ ಕಂಚಿನ ಬಾಯಿಯನ್ನು ಇಡತಕ್ಕದ್ದೆಂಬ ನಿಯಮವಿದ್ದಿತು. ಕಂಚನ್ನು ಬಗ್ಗಿಸಿ ಹಿಗ್ಗಿಸುವುದು ಸುಲಭವಲ್ಲವಷ್ಟೆ. ಆದರೂ ಅವನು ಪರೀಕ್ಷಿಸಿದಾಗ ಕಡತದ ಲೆಕ್ಕಕ್ಕೂ ಕಾಲುವೆಯ ನೀರಿಗೂ ತಾಳೆಯಾಗಲಿಲ್ಲ. ನೀರಿನ ಕೆಲಸದವರೇ ಗುಟ್ಟಾಗಿ ಕೊಳವೆಗೆ ರಂಧ್ರ ಕೊರೆದು ನೀರನ್ನು ಮಾರುತ್ತಿದ್ದುದು ಹೊರಬಿದ್ದಿತು. ದೋಷವು ಮಾನದಲ್ಲಿ ಇದ್ದುದಕ್ಕಿಂತ ಹೆಚ್ಚಾಗಿ ಕೊಳವೆಗೂ ಕಡತಕ್ಕೂ ನಡುವೆ ಇದ್ದಿತು.

ನಮ್ಮ ನಾಡಿನಲ್ಲಿ ನೀರಿನ ಲೆಕ್ಕವು ಮುಖ್ಯವಾಗಿ ಬೆಳೆದುದು ಪಟ್ಟಣದಲ್ಲಲ್ಲ, ಕೆರೆಯ ಕೆಳಗಿನ ಗದ್ದೆಗಳಲ್ಲಿ. ಕೆರೆಯನ್ನು ಊರ್ಜಿತದಲ್ಲಿಡುವುದಕ್ಕಾಗಿ ಬಿಟ್ಟ ಬಿತ್ತುವಟ್ಟದ ಪ್ರಸ್ತಾಪವು ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದನ್ನು ವಾಚಕರು ಬಲ್ಲರು. ತೂಬನ್ನು ತೆರೆದು ಮುಚ್ಚಿ ಗದ್ದೆಗದ್ದೆಗೆ ನೀರು ಹಂಚುವ ಕೆಲಸ ನೀರುಗಂಟಿಯದು. ಮೈಸೂರು ಸೀಮೆಯ ಗ್ರಾಮಗಳ ಹನ್ನೆರಡು ಮಂದಿ ಆಯಗಾರರಲ್ಲಿ ಇವನನ್ನೂ ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಪ್ರಕಟವಾದ ತನ್ನ ಚರಿತ್ರೆಯಲ್ಲಿ ಎಣಿಸಿದ್ದಾನೆ. ಇವನ ಅಳತೆಯು ಸೂಕ್ಷ್ಮವಾದುದಲ್ಲ. ಪಕ್ಷಪಾತಕ್ಕೆ ಎಡೆಯಿರಲಿಲ್ಲವೆಂದೂ ಹೇಳಲಾಗದು. ಆದರೆ ಅದು ಕಾಲುವೆಯ ಬದುವಿನ ಮೇಲೆ ಎಲ್ಲರ ಕಣ್ಣೆದುರಿಗೆ ನಡೆಯುತ್ತಿದ್ದಿತು. ಸುಗ್ಗಿಯಲ್ಲಿ ಅವನಿಗೆ ಸಲ್ಲಬೇಕಾದ ಆಯವು ಆ ರೈತರ ಕಣದಿಂದಲೇ ಬರಬೇಕಾಗಿದ್ದಿತು. ಆದಕಾರಣ ಅವನು ಅವರಿಗೆ ಉತ್ತರವಾದಿಯೂ ಆಗಿದ್ದನು.

ಕೊಳವೆಯ ನೀರು ಬಂದಮೇಲೆ ಈ ಸಂಬಂಧವು ಮರೆಯಾಯಿತು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ೧೮೯೬ರಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯ ನೀರು ಬೆಂಗಳೂರಿಗೆ ಬಂದಿತು. ಇನ್ನು ತೂಬು ಕಣ್ಣಿಗೆ ಕಾಣದು. ನೀರು ಎಲ್ಲಿಂದ ಎಷ್ಟು ಹೊರಟಿತೆಂಬುದು ಇಲಾಖೆಗೆ ಮಾತ್ರ ಗೊತ್ತು. ಇಂಗ್ಲೆಂಡಿನಲ್ಲಿ ವಿಲಿಯಂ ಸೀಮೆನ್ಸನು ೧೮೫೧ರ ಸುಮಾರಿನಲ್ಲಿಯೇ ನೀರಿನ ಮೀಟರನ್ನು ರೂಪಿಸಿದ್ದನು. ಹರಿಯುವ ನೀರೇ ಚಕ್ರವನ್ನು ತಿರುಗಿಸಿ ಮುಳ್ಳನ್ನು ಮುಂದೂಡುವ ಇಂತಹ ಸಾಧನದಿಂದ ಒಂದು ಉಪಕಾರವಾಯಿತು: ಗೃಹಸ್ಥನೂ ತನ್ನ ಬಾಗಿಲಲ್ಲಿ ಅಳತೆಯನ್ನು ಓದಬಲ್ಲವನಾದನು.

ಆದರೆ ಚಕ್ರಕ್ಕೆ ನೀರಿಗೂ ಗಾಳಿಗೂ ಭೇದ ತಿಳಿಯದು. ಎರಡು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಬರಿದಾದ ಕೊಳವೆಗಳನ್ನು ಗಾಳಿಯು ತುಂಬುವುದು. ನೀರು ಬಿಟ್ಟೊಡನೆ ಆ ಗಾಳಿಯು ನುಗ್ಗಿ ಬಂದು ಚಕ್ರವನ್ನು ತಿರುಗಿಸುವುದು. ಬಾರದ ನೀರಿಗೆ ಹಣ ತೆರಬೇಕೆಂಬ ಜನರ ದೂರು ನಿರಾಧಾರವಲ್ಲ. ಮತ್ತೊಂದು ಕಡೆ, ಚಕ್ರವು ಸವೆದಂತೆ ಮೀಟರು ಕಡಮೆ ತೋರಿಸುವುದು. ಆಗ ನಷ್ಟ ಪುರಸಭೆಗೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಕೆಲವು ವಾರ್ಡುಗಳಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ೨೦೦೮ರಲ್ಲಿ ಹಗಲಿರುಳೂ ನೀರು ಕೊಡುವ ಏರ್ಪಾಡಾದಾಗ ಮನೆಗಳಿಗೆ ಮೀಟರನ್ನೂ ಇರಿಸಿದರು. ಕೊಳವೆಯು ಸದಾ ತುಂಬಿರುವಲ್ಲಿ ಮಾತ್ರ ಮೀಟರಿನ ಮಾತಿಗೆ ಬೆಲೆಯೆಂಬುದು ಈ ಜೋಡಣೆಯ ಯುಕ್ತಿ.

ಡಿಜಿಟಲ್ ಮೀಟರುಗಳಲ್ಲಿ ಒಂದು ಬಗೆಯು ಚಕ್ರವನ್ನೇ ಬಿಟ್ಟಿದೆ. ನೀರಿನೊಡನೆಯೂ ನೀರಿಗೆದುರಾಗಿಯೂ ಕಿವಿಗೆ ಕೇಳದ ಧ್ವನಿಯನ್ನು ಹಾಯಿಸಿ, ಎರಡು ಪ್ರಯಾಣಗಳ ಕಾಲದಲ್ಲಿನ ಅಂತರದಿಂದ ಅದು ವೇಗವನ್ನು ಗಣಿಸುತ್ತದೆ. ಫ್ರಾಂಟೈನಸನಿಗೆ ಎಟುಕದಿದ್ದ ವೇಗವು ಹೀಗೆ ಮನೆಮನೆಯ ಬಾಗಿಲಿನಲ್ಲಿ ಕೈವಶವಾಯಿತು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ, ಕರಾಡದ ನೆರೆಯ ಮಲಕಾಪುರವೆಂಬ ಸಣ್ಣ ಊರಿನ ನಗರ ಪಂಚಾಯತಿಯು, ಹಗಲಿರುಳಿನ ನೀರಿನೊಡನೆ, ಅಂಕಿಗಳನ್ನು ರೇಡಿಯೋ ಅಲೆಯಿಂದ ದೂರದಲ್ಲಿಯೇ ಓದಬಹುದಾದ ಮೀಟರುಗಳನ್ನು ಅಳವಡಿಸಿದುದು ಗಮನಾರ್ಹ. ಓದುವವನು ಮನೆಯ ಅಂಗಳಕ್ಕೆ ಬರಬೇಕಾದ ಅಗತ್ಯವೇ ಅಲ್ಲಿ ತಪ್ಪಿತು.

ವಿಚಾರ ಮಾಡಬೇಕಾದುದು ಇಲ್ಲಿಯೇ. ನೀರುಗಂಟಿಯ ಅಳತೆಯಲ್ಲಿ ಸೂಕ್ಷ್ಮತೆ ಕಡಮೆ, ಸಾಕ್ಷಿಗಳು ಹೆಚ್ಚು. ಹೊಸ ಮೀಟರಿನಲ್ಲಿ ಸೂಕ್ಷ್ಮತೆ ಹೆಚ್ಚು. ಸಾಕ್ಷಿಗಳೋ ಕಡಮೆಯಾಗುವ ಸಂಭವವುಂಟು. ಅಂಕಿಯು ನೇರವಾಗಿ ಕಚೇರಿಗೆ ಹೋಗಿ, ಬಿಲ್ಲು ಮಾತ್ರ ಮನೆಗೆ ಬರುವುದಾದರೆ, ಕೊಳವೆಗೂ ಕಡತಕ್ಕೂ ನಡುವಣ ಆ ಹಳೆಯ ಅಂತರವು ಮರಳಿ ತಲೆದೋರಬಹುದು. ಆದುದರಿಂದ ಮೀಟರನ್ನು ಬದಲಿಸುವ ದಿನ ಹಳೆಯದರ ಕೊನೆಯ ಅಂಕಿಯನ್ನೂ ಹೊಸದರ ಮೊದಲ ಅಂಕಿಯನ್ನೂ ಮನೆಯವರ ಎದುರಿನಲ್ಲಿ ಬರೆದು ಕೊಡುವುದು, ಸಂಶಯ ಬಂದವರ ಮೀಟರನ್ನು ಅವರ ಸಮಕ್ಷಮದಲ್ಲಿಯೇ ಪರೀಕ್ಷಿಸುವುದು, ಬಿಲ್ಲಿನ ಅಂಕಿಯೂ ಮೀಟರಿನ ಅಂಕಿಯೂ ಒಂದೇ ಎಂದು ಯಾರೂ ನೋಡಿಕೊಳ್ಳುವಂತೆ ಮಾಡುವುದು ಯಂತ್ರದಷ್ಟೇ ಅವಶ್ಯಕವಾದ ಅಂಗಗಳು. ಬಡವನ ಮನೆಯಲ್ಲಿ ಲೆಕ್ಕದ ಒಂದು ತಪ್ಪು ನಲ್ಲಿಯ ಸಂಪರ್ಕವನ್ನೇ ಕಡಿಸಬಹುದು. ಕಾಲುವೆಯ ಬದುವಿನ ಮೇಲೆ ನಿಂತು ತನ್ನ ಪಾಲನ್ನು ಕೇಳುತ್ತಿದ್ದ ರೈತನ ಅಧಿಕಾರವು ನಲ್ಲಿಯ ಮುಂದೆ ನಿಂತ ಗೃಹಸ್ಥನಿಗೂ ಉಳಿಯಬೇಕು.