ಮಹಾಮಾರಿಯ ಕಾಲದ ಮಾತು: ೧೮೯೬-೯೮ರ ಪ್ಲೇಗಿನ ಸಂದರ್ಭದಲ್ಲಿ ಸರ್ಕಾರ, ಪತ್ರಿಕೆ ಮತ್ತು ವದಂತಿ

ವಿಪತ್ತಿನ ಕಾಲದಲ್ಲಿ ಆಳುವವರು ಪ್ರಜೆಗಳಿಗೆ ಏನು ಹೇಳಿದರು, ಹೇಗೆ ಹೇಳಿದರು, ಅದಕ್ಕೆ ಪ್ರಜೆಗಳು ಕೊಟ್ಟ ಉತ್ತರವೇನು ಎಂಬ ಪ್ರಶ್ನೆಗಳಿಗೆ ನಮ್ಮ ಇತಿಹಾಸ ಗ್ರಂಥಗಳಲ್ಲಿ ದೊರೆತಿರುವ ಸ್ಥಾನ ಅಲ್ಪವಾದುದು. ಸತ್ತವರ ಸಂಖ್ಯೆ, ಜಾರಿಯಾದ ಕಾನೂನು, ಕಂಡುಹಿಡಿದ ಔಷಧ ಇವುಗಳ ವಿವರ ಧಾರಾಳವಾಗಿ ದೊರೆಯುತ್ತದೆ. ಮಾತಿನ ಚರಿತ್ರೆ ಮಾತ್ರ ಹಿಂದೆ ಬೀಳುತ್ತದೆ. ಆ ಚರಿತ್ರೆಗೆ ಬೇಕಾದ ಆಧಾರಗಳನ್ನು ಗ್ರಂಥಾಲಯದಲ್ಲಿ ಹೇಗೆ ಸಂಗ್ರಹಿಸಬಹುದು, ಸಂಗ್ರಹಿಸಿದುದನ್ನು ಹೇಗೆ ತೂಗಿ ನೋಡಬೇಕು ಎಂಬುದನ್ನು ೧೮೯೬-೯೮ರ ಪ್ಲೇಗಿನ ನಿದರ್ಶನದಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಘಟನೆಗಳ ಸ್ಥೂಲರೂಪವನ್ನು ನೆನೆಯೋಣ. ೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾಕ್ಟರ್ ವೀಗಾಸರು ಪ್ಲೇಗನ್ನು ಗುರುತಿಸಿದರು. ರೋಗದ ಶಂಕೆಯಿದ್ದವರನ್ನು ಬಲವಂತವಾಗಿಯಾದರೂ ಆಸ್ಪತ್ರೆಗೆ ಸಾಗಿಸಬಹುದೆಂದು ಅಕ್ಟೋಬರಿನಲ್ಲಿ ಮುನಿಸಿಪಲ್ ಕಮಿಷನರ್ ಸ್ನೋ ಅವರು ಪ್ರಕಟನೆ ಹೊರಡಿಸಿದರು. ಅದೇ ತಿಂಗಳ ೨೯ರಂದು ಗಿರಣಿ ಕೆಲಸಗಾರರ ದೊಡ್ಡ ಗುಂಪೊಂದು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ದಾಳಿ ಮಾಡಿತು, ಪ್ರಕಟನೆಯನ್ನು ಸಡಿಲಿಸಬೇಕಾಯಿತು. ೧೮೯೭ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಶಾಸನ ಜಾರಿಗೆ ಬಂತು. ಪುಣೆಯಲ್ಲಿ ಪ್ಲೇಗು ಸಮಿತಿಯ ಅಧ್ಯಕ್ಷರಾದ ರ್‍ಯಾಂಡರು ಸೈನಿಕರ ನೆರವಿನಿಂದ ಮನೆಮನೆಗಳ ಶೋಧನೆ ನಡೆಸಿದರು. ಜೂನ್ ೨೨ರ ರಾತ್ರಿ ಚಾಪೇಕರ್ ಸಹೋದರರ ಗುಂಡಿಗೆ ಲೆಫ್ಟಿನೆಂಟ್ ಆಯರ್ಸ್ಟ್ ಬಲಿಯಾದರು. ಗಾಯಗೊಂಡ ರ್‍ಯಾಂಡರು ಜುಲೈ ಆದಿಯಲ್ಲಿ ಮೃತರಾದರು. ಆ ವರ್ಷವೇ ತಿಲಕರು ‘ಕೇಸರಿ’ಯ ಬರಹಗಳಿಗಾಗಿ ರಾಜದ್ರೋಹದ ಆಪಾದನೆಯ ಮೇಲೆ ಶಿಕ್ಷೆಗೆ ಗುರಿಯಾದರು. ಎರಡು ವರ್ಷ ತುಂಬುವುದರೊಳಗೆ ಒಂದು ಆರೋಗ್ಯ ಪ್ರಕಟನೆಯ ಪ್ರಶ್ನೆ ಕೊಲೆಯ ಹಾಗೂ ರಾಜದ್ರೋಹದ ಪ್ರಶ್ನೆಯಾಗಿ ಪರಿಣಮಿಸಿತು. ಮಾತು ಕೆಟ್ಟುದು ಎಲ್ಲಿ ಎಂಬುದೇ ಸಂಶೋಧಕನ ಮುಂದಿರುವ ಸಮಸ್ಯೆ.

ಈ ಸಮಸ್ಯೆಗೆ ಒದಗುವ ಆಧಾರಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಅಧಿಕೃತ ವರದಿಗಳು. ಸ್ನೋ ಅವರ ವರದಿ, ಮುಂಬಯಿ ಪ್ಲೇಗು ಸಮಿತಿಯ ಅಧ್ಯಕ್ಷರಾಗಿದ್ದ ಗೇಟೇಕರರ ವರದಿ, ೧೮೯೮ರಲ್ಲಿ ನೇಥನ್ ಅವರು ಭಾರತ ಸರ್ಕಾರಕ್ಕಾಗಿ ಸಂಕಲಿಸಿದ ಸಂಪುಟಗಳು ಇವುಗಳಲ್ಲಿ ಮುಖ್ಯವಾದುವು. ಇವು ಆಜ್ಞೆಗಳ ಪಾಠವನ್ನೂ ದಿನಾಂಕವನ್ನೂ ನಿಷ್ಕೃಷ್ಟವಾಗಿ ಕೊಡುತ್ತವೆ. ಆದರೆ ಆಜ್ಞೆ ಹೊರಟಿತೆಂಬುದಕ್ಕೆ ಇವು ಸಾಕ್ಷಿಯೇ ಹೊರತು, ಅದು ಕೇಳುವವನ ಮನಸ್ಸನ್ನು ಮುಟ್ಟಿತೆಂಬುದಕ್ಕೆ ಅಲ್ಲ. ಜನರ ವಿರೋಧವನ್ನು ವರದಿಕಾರರು ಬಹುಮಟ್ಟಿಗೆ ‘ಅಜ್ಞಾನ’, ‘ಮೂಢನಂಬಿಕೆ’ ಎಂಬ ಎರಡು ಪದಗಳಲ್ಲಿ ಮುಗಿಸಿಬಿಡುತ್ತಾರೆ.

ಎರಡನೆಯದು ಪತ್ರಿಕೆಗಳು. ದೇಶೀಯ ಭಾಷೆಗಳ ಪತ್ರಿಕೆಗಳಲ್ಲಿ ಬಂದುದನ್ನು ಇಂಗ್ಲಿಷಿನಲ್ಲಿ ಸಂಗ್ರಹಿಸಿ ವಾರವಾರವೂ ಗುಪ್ತವಾಗಿ ಅಧಿಕಾರಿಗಳಿಗೆ ಒದಗಿಸುವ ಪದ್ಧತಿ ಆಗ ಇತ್ತು. ಮೂಲ ಸಂಚಿಕೆಗಳು ನಶಿಸಿಹೋಗಿರುವ ಎಷ್ಟೋ ಪತ್ರಿಕೆಗಳ ದನಿ ಈ ಸಂಗ್ರಹಗಳಲ್ಲಿ ಮಾತ್ರ ಉಳಿದಿದೆ. ಆದರೂ ಇವನ್ನು ಎಚ್ಚರದಿಂದ ಬಳಸಬೇಕು. ಭಾಷಾಂತರಕಾರನು ಸರ್ಕಾರದ ನೌಕರ. ತನ್ನ ಮೇಲಧಿಕಾರಿಗಳು ಏನನ್ನು ತಿಳಿಯಬಯಸುತ್ತಾರೋ ಅದನ್ನೇ ಆರಿಸುವುದು ಸಹಜ. ಅಲ್ಲಿ ರೋಷದ ವಾಕ್ಯ ಉಳಿಯುತ್ತದೆ. ಅದೇ ಅಂಕಣದಲ್ಲಿದ್ದಿರಬಹುದಾದ ಆರೋಗ್ಯದ ಸಲಹೆ ಬಿಟ್ಟುಹೋಗುತ್ತದೆ. ಆದ್ದರಿಂದ ಮೂಲ ದೊರೆತಾಗಲೆಲ್ಲ ಮೂಲವನ್ನೇ ಓದತಕ್ಕದ್ದು.

ಮೂರನೆಯದು ಸಾಕ್ಷ್ಯ. ೧೮೯೮ರಲ್ಲಿ ಪ್ರೊಫೆಸರ್ ಫ್ರೇಸರರ ಅಧ್ಯಕ್ಷತೆಯಲ್ಲಿ ನೇಮಕವಾದ ಭಾರತೀಯ ಪ್ಲೇಗು ಆಯೋಗವು ವೈದ್ಯರು, ಅಧಿಕಾರಿಗಳು ಮುಂತಾದವರನ್ನು ಪ್ರಶ್ನಿಸಿ, ಪ್ರಶ್ನೋತ್ತರಗಳನ್ನು ಹಾಗೆಯೇ ಮುದ್ರಿಸಿತು. ಆಯೋಗದ ತೀರ್ಮಾನಗಳಿಗಿಂತ ಈ ಸಾಕ್ಷ್ಯ ಸಂಪುಟಗಳೇ ನಮಗೆ ಹೆಚ್ಚು ಉಪಯುಕ್ತ; ಏಕೆಂದರೆ ಪ್ರಶ್ನೆಗಳಿಂದ ಕೇಳುವವನ ಕಳವಳವೂ ಉತ್ತರಗಳಿಂದ ಹೇಳುವವನ ಸಂಕೋಚವೂ ವಿದಿತವಾಗುತ್ತವೆ.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ವದಂತಿಯ ಸ್ವರೂಪವೇ ಬೇರೆಯಾಗಿ ಕಾಣುತ್ತದೆ. ಆಸ್ಪತ್ರೆಯಲ್ಲಿ ರೋಗಿಗಳನ್ನು ಕೊಂದು ಅವರ ದೇಹದಿಂದ ಎಣ್ಣೆ ತೆಗೆಯುತ್ತಾರೆಂಬ ಸುದ್ದಿ ಆಗ ಹಬ್ಬಿತ್ತು. ಇದು ಸುಳ್ಳೆಂಬುದು ನಿರ್ವಿವಾದ. ಆದರೆ ಆ ಆಸ್ಪತ್ರೆಗೆ ಒಯ್ದವರಲ್ಲಿ ಬಹುಮಂದಿ ಹಿಂದಿರುಗಲಿಲ್ಲವೆಂಬುದೂ ನಿಜ. ರೋಗ ಬಲಿತ ಮೇಲೆ ಸಾಗಿಸಿದುದರಿಂದ ಸಾವು ಹೆಚ್ಚಿತ್ತು. ಸಾಗಿಸಿದವರ ಗತಿಯೇನಾಯಿತೆಂಬ ಪ್ರಶ್ನೆಗೆ ನಂಬಬಹುದಾದವರ ಬಾಯಿಂದ ಉತ್ತರ ಬಾರದಿದ್ದಾಗ ಜನ ತಾವೇ ಉತ್ತರವನ್ನು ಕಲ್ಪಿಸಿಕೊಂಡರು. ವದಂತಿ ಎಂಬುದು ಉತ್ತರ ದೊರೆಯದ ಪ್ರಶ್ನೆಯ ಇನ್ನೊಂದು ರೂಪ.

ಸಾಕ್ಷ್ಯದ ತೂಕ ಎಷ್ಟು ಕಠಿನವಾದ ಕಾರ್ಯವೆಂಬುದಕ್ಕೆ ಗೋಖಲೆಯವರ ಪ್ರಸಂಗವೇ ನಿದರ್ಶನ. ೧೮೯೭ರಲ್ಲಿ ಇಂಗ್ಲೆಂಡಿನಲ್ಲಿದ್ದ ಅವರು, ಪುಣೆಯಿಂದ ಬಂದ ಪತ್ರಗಳನ್ನು ನಂಬಿ, ಸೈನಿಕರು ಸ್ತ್ರೀಯರ ಮೇಲೆ ಅತ್ಯಾಚಾರವೆಸಗಿದರೆಂದು ಅಲ್ಲಿಯ ಪತ್ರಿಕೆಯಲ್ಲಿ ಪ್ರಕಟಪಡಿಸಿದರು. ಸ್ವದೇಶಕ್ಕೆ ಮರಳಿದ ಮೇಲೆ ಆ ಆಪಾದನೆಯನ್ನು ಸಿದ್ಧಪಡಿಸಲಾಗದೆ ಬಹಿರಂಗವಾಗಿ ಕ್ಷಮೆ ಕೋರಿದರು. ಕ್ಷಮಾಪಣೆಯನ್ನಷ್ಟೇ ಓದಿದವನು ಆಪಾದನೆಗೆ ಆಧಾರವೇ ಇರಲಿಲ್ಲವೆಂದು ಬರೆಯುತ್ತಾನೆ; ಪತ್ರಗಳನ್ನಷ್ಟೇ ನಂಬುವವನು ಎಲ್ಲವೂ ನಡೆಯಿತೆಂದು ಬರೆಯುತ್ತಾನೆ. ಇವೆರಡೂ ಅವಸರದ ತೀರ್ಮಾನಗಳು. ಸಾಮ್ರಾಜ್ಯದ ಅಧಿಕಾರಿಗಳ ಮುಂದೆ ನಿಂತು ಅಪಮಾನದ ಕಥೆಯನ್ನು ಹೇಳಲು ಒಂದು ಕುಟುಂಬಕ್ಕೆ ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಿದ್ಧವಾಗದ ಮಾತು ಸಿದ್ಧವಾಗಲಿಲ್ಲವೆಂದು ಮಾತ್ರ ಬರೆಯುವುದು ಇತಿಹಾಸಕಾರನ ಧರ್ಮ.

ನಮ್ಮ ನಾಡಿಗೂ ಈ ವಿಷಯಕ್ಕೂ ನೇರವಾದ ಸಂಬಂಧವಿದೆ. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ ೧೮೯೮ರಲ್ಲಿ ಪ್ಲೇಗು ಭೀಕರವಾಗಿ ಹಬ್ಬಿದರೂ, ಹಾಫ್ಕಿನ್ನರ ಚುಚ್ಚುಮದ್ದನ್ನು ಅಲ್ಲಿಯ ಜನ ಬಹುಸಂಖ್ಯೆಯಲ್ಲಿ ಹಾಕಿಸಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ರೋಗವು ರೈಲು ಮಾರ್ಗವಾಗಿ ಬೆಂಗಳೂರನ್ನು ಮುಟ್ಟಿತು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗು ನಿಬಂಧನೆಗಳ ವಿರುದ್ಧ ಗಲಭೆಯಾಯಿತು. ಒಂದೇ ರೋಗ, ಒಂದೇ ವರ್ಷ. ಆದರೆ ಒಂದು ಊರು ತೋಳನ್ನು ಚಾಚಿತು, ಇನ್ನೊಂದು ಕೈಯೆತ್ತಿತು. ಜನರ ‘ಅಜ್ಞಾನ’ವೊಂದನ್ನೇ ಕಾರಣವೆಂದು ಹೇಳುವವರು ಈ ವ್ಯತ್ಯಾಸಕ್ಕೆ ಸಮಾಧಾನ ಹೇಳಲಾರರು. ಎರಡು ಊರುಗಳಲ್ಲಿಯೂ ಜನರೊಡನೆ ಮಾತನಾಡಿದವರು ಯಾರು, ಯಾವ ಭಾಷೆಯಲ್ಲಿ, ಬಲಾತ್ಕಾರದ ಮೊದಲೋ ಅನಂತರವೋ ಎಂಬುದನ್ನು ಕೂಡಿಸಿ ನೋಡುವ ಕೆಲಸ ನಮ್ಮ ವಿದ್ಯಾರ್ಥಿಗಳಿಗೆ ಯೋಗ್ಯವಾದುದು.

ಅಂಥ ಕೆಲಸಕ್ಕೆ ಕೈಹಾಕುವವರಿಗೆ ಕೆಲವು ಸೂಚನೆಗಳು. ಗ್ರಂಥಾಲಯದ ಸೂಚಿಯಲ್ಲಿ ‘ವಿಪತ್ತಿನ ಕಾಲದ ಸಂವಹನ’ ಎಂಬ ಶೀರ್ಷಿಕೆಯಡಿ ಇವುಗಳಲ್ಲಿ ಒಂದೂ ದೊರೆಯಲಾರದು. ಡ್ಯೂಯಿ ವರ್ಗೀಕರಣದಲ್ಲಿ ಸಾರ್ವಜನಿಕ ಆರೋಗ್ಯ ೬೧೪ರಲ್ಲಿಯೂ ಭಾರತದ ಇತಿಹಾಸ ೯೫೪ರಲ್ಲಿಯೂ ಇರುವುದರಿಂದ ಎರಡು ಕಪಾಟುಗಳಿಗೂ ಹೋಗಬೇಕು. ಕಡತಗಳಲ್ಲಿ ವೈದ್ಯಕೀಯ ಶಾಖೆಯನ್ನಲ್ಲದೆ ಪೊಲೀಸ್, ರೈಲ್ವೆ, ಮುನಿಸಿಪಲ್ ಶಾಖೆಗಳನ್ನೂ ಶೋಧಿಸಬೇಕು. ಬೆಂಗಳೂರು ಆಗ ಎರಡು ಆಡಳಿತಗಳಿಗೆ ಒಳಪಟ್ಟಿತ್ತು: ಪೇಟೆ ಮೈಸೂರು ಸರ್ಕಾರಕ್ಕೆ, ದಂಡು ಬ್ರಿಟಿಷ್ ರೆಸಿಡೆಂಟರಿಗೆ. ಮೊದಲನೆಯದರ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಎರಡನೆಯದನ್ನು ಭಾರತ ಸರ್ಕಾರದ ದಾಖಲೆಗಳ ಸಾಲಿನಲ್ಲಿ ಅರಸಬೇಕು. ಪ್ರಜಾಪ್ರತಿನಿಧಿ ಸಭೆಯ ಮುದ್ರಿತ ಕಾರ್ಯಕಲಾಪಗಳಲ್ಲಿ ದಿವಾನರ ಭಾಷಣದೊಡನೆ ಸದಸ್ಯರ ಅಹವಾಲುಗಳೂ ದೊರೆಯುವುದರಿಂದ ಮಾತು ಎರಡು ದಿಕ್ಕಿನಲ್ಲಿಯೂ ಹರಿದುದನ್ನು ಅಲ್ಲಿ ಕಾಣಬಹುದು. ವೆಂಕಟಕೃಷ್ಣಯ್ಯನವರ ‘ವೃತ್ತಾಂತ ಚಿಂತಾಮಣಿ’ಯಂಥ ಕನ್ನಡ ಪತ್ರಿಕೆಗಳ ಬಿಡಿ ಸಂಚಿಕೆ ಎಲ್ಲಿ ಕಂಡರೂ ಬಿಡಬಾರದು. ಪ್ಲೇಗು ವರದಿಗಳಲ್ಲಿ ಅನೇಕವನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಗಣಕೀಕರಿಸಿ ಎಲ್ಲರಿಗೂ ತೆರೆದಿಟ್ಟಿರುವುದರಿಂದ ದೂರದ ಊರಿನ ವಿದ್ಯಾರ್ಥಿಗೂ ಈಗ ಅಡ್ಡಿಯಿಲ್ಲ.

ಎಲ್ಲಕ್ಕೂ ಮಿಗಿಲಾಗಿ, ಪ್ರತಿಯೊಂದು ಆಧಾರಕ್ಕೂ ದಿನಾಂಕವನ್ನು ಬರೆದು ಕಾಲಾನುಕ್ರಮದ ಪಟ್ಟಿಯೊಂದನ್ನು ತಯಾರಿಸಿಕೊಳ್ಳಬೇಕು. ಪ್ರಕಟನೆ ಮೊದಲೋ ವದಂತಿ ಮೊದಲೋ, ಗಲಭೆಗೆ ಮುನ್ನ ಅಹವಾಲು ಬಂದಿತ್ತೋ ಇಲ್ಲವೋ ಎಂಬುದು ಆ ಪಟ್ಟಿಯಿಂದಲೇ ಸ್ಪಷ್ಟವಾಗತಕ್ಕದ್ದು.

೧೮೯೭ರ ಆ ಶಾಸನವೇ ೨೦೨೦ರಲ್ಲಿ ಕೋವಿಡ್ ವ್ಯಾಧಿಯ ಕಾಲಕ್ಕೆ ಮತ್ತೆ ಪ್ರಯೋಗಕ್ಕೆ ಬಂದುದನ್ನು ನಾವು ಕಂಡಿದ್ದೇವೆ. ಕಾನೂನು ಕಪಾಟಿನಲ್ಲಿ ಸಿದ್ಧವಾಗಿ ಕುಳಿತಿರುತ್ತದೆ. ಆದರೆ ಜನರ ವಿಶ್ವಾಸವನ್ನು ಪ್ರತಿ ಸಲವೂ ಹೊಸದಾಗಿ ಸಂಪಾದಿಸಬೇಕಾಗುತ್ತದೆ. ಮುಂಬಯಿ, ಪುಣೆ, ಹುಬ್ಬಳ್ಳಿ, ಗಂಜಾಮುಗಳ ಕಡತಗಳು ಧೂಳು ಹಿಡಿಯದಂತೆ ನೋಡಿಕೊಳ್ಳುವುದು ಈ ಕಾರಣದಿಂದ ನಮ್ಮ ಕರ್ತವ್ಯವಾಗಿದೆ.