ಬೇಂದ್ರೆಯವರನ್ನು ಪರದೆಗೆ ತಂದವರು

ಕಳೆದ ವಾರ ಮೊಮ್ಮಗನು ನನ್ನ ಪುಸ್ತಕದ ಕಪಾಟಿನ ಮುಂದೆ ನಿಂತು, ಒಂದು ಪುಸ್ತಕದ ಹೊದಿಕೆಯ ಮೇಲಿದ್ದ ಭಾವಚಿತ್ರವನ್ನು ತೋರಿಸಿ, “ಅಜ್ಜಾ, ಇವ್ರು ಟೈಗರ್ ಸಿನೆಮಾದಾಗ ಸಲ್ಮಾನನ ಸಾಹೇಬ್ರು ಆಗಿದ್ರಲ್ಲಾ?” ಎಂದು ಕೇಳಿದನು. ಹೌದೆಂದೆ. ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನಾನು ಎಂಬತ್ತರ ದಶಕದಲ್ಲಿ ಕಲಿಸಿದ ನಿಮಗೆಲ್ಲ ಗಿರೀಶ ಕಾರ್ನಾಡರೆಂದರೆ ‘ಮಾಲ್ಗುಡಿ ಡೇಸ್’ನ ಸ್ವಾಮಿಯ ತಂದೆ, ಇಲ್ಲವೇ ದೂರದರ್ಶನದಲ್ಲಿ ‘ಟರ್ನಿಂಗ್ ಪಾಯಿಂಟ್’ ನಡೆಸಿಕೊಡುತ್ತಿದ್ದ ಗಂಭೀರ ಗೃಹಸ್ಥರು. ಪಠ್ಯಪುಸ್ತಕ ಓದಿದವರಿಗೆ ‘ತುಘಲಕ್’ ಬರೆದವರು. ಆದರೆ ಅವರು ಸಾಕ್ಷ್ಯಚಿತ್ರಗಳನ್ನೂ ಮಾಡಿದ್ದರೆಂಬುದನ್ನು ನೆನೆಯುವವರು ನಮ್ಮ ಧಾರವಾಡದಲ್ಲಿಯೂ ವಿರಳ. ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು.

ಕಾರ್ನಾಡರನ್ನು ನಾವು ಹೆಮ್ಮೆಯಿಂದ ಧಾರವಾಡದವರೆನ್ನುತ್ತೇವೆ. ಆದರೆ ಅವರು ಹುಟ್ಟಿದ್ದು 1938ರ ಮೇ 19ರಂದು, ಮಹಾರಾಷ್ಟ್ರದ ಮಾಥೇರಾನದಲ್ಲಿ. ಮನೆಮಾತು ಕೊಂಕಣಿ. ತಂದೆ ವೈದ್ಯರಾಗಿದ್ದುದರಿಂದ ಬಾಲ್ಯದ ಬಹುಭಾಗ ಶಿರಸಿಯಲ್ಲಿ ಕಳೆಯಿತು. ಯಕ್ಷಗಾನದ ರುಚಿ ಹತ್ತಿದ್ದು ಅಲ್ಲಿಯೇ. ಧಾರವಾಡಕ್ಕೆ ಬಂದಾಗ ಅವರಿನ್ನೂ ಹೈಸ್ಕೂಲು ಹುಡುಗ. 1958ರಲ್ಲಿ ಕರ್ನಾಟಕ ಕಾಲೇಜಿನಿಂದ ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದು, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋದರು. ಸುಭಾಸ ರಸ್ತೆಯಲ್ಲಿರುವ ಮನೋಹರ ಗ್ರಂಥಮಾಲೆಯ ‘ಅಟ್ಟ’ ಅವರ ಇನ್ನೊಂದು ಕಾಲೇಜು. ಜಿ.ಬಿ. ಜೋಶಿಯವರು 1961ರಲ್ಲಿ ‘ಯಯಾತಿ’ಯನ್ನು ಪ್ರಕಟಿಸಿದ್ದು ಅಲ್ಲಿಂದಲೇ. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕವಿಲ್ಲವೆಂದು ಕೀರ್ತಿನಾಥ ಕುರ್ತಕೋಟಿಯವರು ಆಡಿದ ಮಾತು ‘ತುಘಲಕ್’ಗೆ ಬೀಜವಾಯಿತೆಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ.

ಚಿತ್ರರಂಗಕ್ಕೆ ಅವರು ಬಂದದ್ದು ಚಿತ್ರಕಥೆಯ ಬಾಗಿಲಿನಿಂದ. ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಕೆಲಸದಲ್ಲಿದ್ದಾಗ, ಅನಂತಮೂರ್ತಿಯವರ ‘ಸಂಸ್ಕಾರ’ಕ್ಕೆ ಚಿತ್ರಕಥೆ ಬರೆದು, ಪ್ರಾಣೇಶಾಚಾರ್ಯನ ಪಾತ್ರವನ್ನೂ ತಾವೇ ವಹಿಸಿದರು. ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಆ ಚಿತ್ರವನ್ನು ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿಯಿತು. ಆಮೇಲೆ ಅದೇ ಚಿತ್ರ ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಪಡೆದ ಮೊದಲ ಕನ್ನಡ ಚಿತ್ರವಾಯಿತು! ಮುಂದೆ ಬಿ.ವಿ. ಕಾರಂತರೊಡನೆ ‘ವಂಶವೃಕ್ಷ’, ತಾವೊಬ್ಬರೇ ‘ಕಾಡು’, ‘ಒಂದಾನೊಂದು ಕಾಲದಲ್ಲಿ’. ಶ್ಯಾಮ ಬೆನೆಗಲ್ ಮತ್ತು ಸತ್ಯದೇವ ದುಬೆಯವರೊಡನೆ ಬರೆದ ‘ಭೂಮಿಕಾ’ದ ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿ. ಇವೆಲ್ಲ ನಿಮಗೆ ತಿಳಿದಿರುವ ಸಂಗತಿಗಳೇ.

ನಾನು ಹೇಳಬೇಕೆಂದಿರುವುದು 1972ರಲ್ಲಿ ಅವರು ಮಾಡಿದ ಒಂದು ಚಿಕ್ಕ ಚಿತ್ರದ ವಿಷಯ. ಅದರ ಹೆಸರು ‘ದ.ರಾ. ಬೇಂದ್ರೆ’. ನಾನಾಗ ಪದವಿ ತರಗತಿಯ ವಿದ್ಯಾರ್ಥಿ. ಸಾಧನಕೇರಿಯ ದಾರಿಯಲ್ಲಿ ಕೊಡೆ ಹಿಡಿದು ಹೋಗುವ ಬೇಂದ್ರೆಯವರನ್ನು ಎಷ್ಟು ಸಲ ಕಂಡಿದ್ದೆನೋ ಲೆಕ್ಕವಿಲ್ಲ. ದಿನವೂ ಕಾಣುವುದರ ಬೆಲೆ ಯಾರಿಗೆ ತಿಳಿಯುತ್ತದೆ? ಆ ಕಾಲಕ್ಕೆ ಅವರು ಅಂಕೆಗಳ ಚಿಂತನೆಯಲ್ಲಿ ಮುಳುಗಿದ್ದರು. ಮಾತಿಗೆ ನಿಂತರೆ ಸಂಖ್ಯೆಗಳ ರಹಸ್ಯವನ್ನು ಬಿಡಿಸಲು ತೊಡಗುತ್ತಾರೆಂದು ನಾವು ಹುಡುಗರು ನಗುತ್ತ ಬೇರೆ ಓಣಿ ಹಿಡಿದು ಹೋದದ್ದುಂಟು. ಈಗ ಬರೆಯಲು ನಾಚಿಕೆಯಾಗುತ್ತದೆ.

ನಾವು ಓಣಿ ತಪ್ಪಿಸಿಕೊಂಡು ಹೋಗುತ್ತಿದ್ದ ಅದೇ ಕಾಲದಲ್ಲಿ, ಗಣಿತವನ್ನೇ ಓದಿದ್ದ ಮೂವತ್ತನಾಲ್ಕರ ಈ ತರುಣರು ಅವರೆದುರಿಗೆ ಕ್ಯಾಮೆರಾ ಇಟ್ಟರು. ಬೇಂದ್ರೆಯವರಿಗೆ ‘ನಾಕುತಂತಿ’ಗಾಗಿ ಜ್ಞಾನಪೀಠ ಸಂದದ್ದು 1973ರ ಸಾಲಿಗೆ. ದೇಶವೆಲ್ಲ ತಿರುಗಿ ನೋಡುವ ಮೊದಲೇ ಕಾರ್ನಾಡರು ನೋಡಿದ್ದರು. ಬೇಂದ್ರೆಯವರು 1981ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಾನು ಆ ಚಿತ್ರವನ್ನು ಕಂಡದ್ದು ಅದಕ್ಕೂ ಕೆಲವು ವರ್ಷಗಳ ನಂತರ, ಒಂದು ಕಾಲೇಜಿನ ಸಭಾಗೃಹದಲ್ಲಿ. ದೀಪ ಆರಿತು, ಪ್ರೊಜೆಕ್ಟರು ಸದ್ದು ಮಾಡತೊಡಗಿತು. ಪರದೆಯ ಮೇಲೆ ಆ ಮುಖ ಮೂಡಿದಾಗ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕೈ ಮುಗಿದರು. ನನ್ನಿಂದ ಬಹಳ ಹೊತ್ತು ಮಾತು ಹೊರಡಲಿಲ್ಲ.

ಅಂದಿನ ಸಾಕ್ಷ್ಯಚಿತ್ರಗಳ ಗತಿ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. 1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಜನ್ನಿನ ಚಿತ್ರಗಳನ್ನು ಟಾಕೀಸುಗಳಲ್ಲಿ ಮುಖ್ಯ ಚಿತ್ರಕ್ಕಿಂತ ಮೊದಲು ಕಡ್ಡಾಯವಾಗಿ ತೋರಿಸಬೇಕಿತ್ತು. ಹುಬ್ಬಳ್ಳಿಯಲ್ಲಿ ನಾವು ಆ ಹೊತ್ತಿನಲ್ಲಿ ಹೊರಗೆ ಶೇಂಗಾ ಕೊಳ್ಳುತ್ತ ನಿಲ್ಲುತ್ತಿದ್ದೆವು. ಒಳಗೆ ಅಣೆಕಟ್ಟು, ಪ್ರವಾಹ, ಮಂತ್ರಿಗಳ ಹಾರ. ಎಷ್ಟು ಒಳ್ಳೆಯ ಚಿತ್ರಗಳು ಹೀಗೆ ನಮ್ಮ ಬೆನ್ನ ಹಿಂದೆ ಓಡಿಹೋದವೋ! ಆ ಸಂಸ್ಥೆಯೂ 2022ರಲ್ಲಿ ಎನ್‌ಎಫ್‌ಡಿಸಿಯೊಳಗೆ ವಿಲೀನವಾಯಿತು.

ಕಾರ್ನಾಡರ ಮುಂದಿನ ಸಾಕ್ಷ್ಯಚಿತ್ರ ‘ಕನಕ ಪುರಂದರ’ ಬಂದದ್ದು 1988ರಲ್ಲಿ. ಕನಕದಾಸರ ಬಾಡ, ಕಾಗಿನೆಲೆ ಎರಡೂ ಆಗ ನಮ್ಮ ಧಾರವಾಡ ಜಿಲ್ಲೆಯಲ್ಲಿಯೇ ಇದ್ದವು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅನಂತರ ಬಂದದ್ದು ಭಕ್ತಿ ಮತ್ತು ಸೂಫಿ ಪಂಥಗಳನ್ನು ಕುರಿತ ‘ದ ಲ್ಯಾಂಪ್ ಇನ್ ದ ನಿಚ್’. ಗೋಡೆಯ ಗೂಡಿನಲ್ಲಿಟ್ಟ ದೀಪವೆಂದು ಅದರ ಅರ್ಥ. ದೇವರ ಬೆಳಕನ್ನು ಹಾಗೆ ಹೋಲಿಸಿರುವ ಮಾತು ಕುರಾನಿನಲ್ಲಿದೆ. ಎರಡು ಚಿತ್ರಗಳಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು. ಅದೇ ಸುಮಾರಿಗೆ, 1990ರಲ್ಲಿ ತೆರೆಕಂಡ ನಾಗಾಭರಣರ ‘ಸಂತ ಶಿಶುನಾಳ ಶರೀಫ’ದಲ್ಲಿ, ಮುಸಲ್ಮಾನ ಶಿಷ್ಯನನ್ನು ಅಪ್ಪಿಕೊಂಡ ಗುರು ಗೋವಿಂದಭಟ್ಟರಾಗಿ ನಟಿಸಿದವರೂ ಕಾರ್ನಾಡರೇ. ಇದು ಕೇವಲ ಕಾಕತಾಳೀಯವೆಂದು ನನಗೆ ತೋರುವುದಿಲ್ಲ. ಕೊನೆಯ ವರ್ಷಗಳಲ್ಲಿ ಅವರು ಆಡಿದ ಕೆಲವು ಮಾತುಗಳನ್ನು ನಾನು ಒಪ್ಪಲಿಲ್ಲ. ಒಪ್ಪದೆ ಬೈದವರು ಊರತುಂಬ ಇದ್ದರು. ಬೈಯುವ ಮೊದಲು ಈ ಮೂರು ಚಿತ್ರಗಳನ್ನು ನೋಡಿದ್ದರೆ ಚೆನ್ನಾಗಿತ್ತು. ಬೇಂದ್ರೆ, ಕನಕ, ಪುರಂದರ, ಸೂಫಿಗಳು: ಆಕ್ಸ್‌ಫರ್ಡಿನಲ್ಲಿ ಓದಿದವರು ಸಾಕ್ಷ್ಯಚಿತ್ರವೆಂದೊಡನೆ ಹೊರಳಿದ್ದು ಈ ನೆಲದ ಹಾಡುಗಾರರ ಕಡೆಗೆ. ನಾಟಕದಲ್ಲಿ ಯಯಾತಿಯನ್ನೂ ತುಘಲಕನನ್ನೂ ತಮಗೆ ಬೇಕಾದಂತೆ ಮಾತಾಡಿಸಿದವರು, ಇಲ್ಲಿ ತಾವು ಹಿಂದೆ ಸರಿದು ನಿಂತರು.

ಕಾರ್ನಾಡರು 2019ರ ಜೂನ್ 10ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ವಿಧಿಗಳಿಲ್ಲದೆ, ಸರಕಾರಿ ಗೌರವವಿಲ್ಲದೆ ಅಂತ್ಯಕ್ರಿಯೆ ನಡೆಯಿತು. 2011ರಲ್ಲಿ ಮನೋಹರ ಗ್ರಂಥಮಾಲೆ ಪ್ರಕಟಿಸಿದ ಅವರ ಆತ್ಮಕಥೆಯ ಹೆಸರು ‘ಆಡಾಡತ ಆಯುಷ್ಯ’. ಆ ಹೆಸರನ್ನೂ ಅವರು ಬೇಂದ್ರೆಯವರಿಂದಲೇ ಪಡೆದರು. ಮೊಮ್ಮಗ ಕೈತೋರಿದ್ದು ಆ ಪುಸ್ತಕಕ್ಕೆ.

ಇಷ್ಟೆಲ್ಲ ಬರೆಯುವಾಗ ನನ್ನನ್ನು ಕಾಡುತ್ತಿದ್ದುದು ನಮ್ಮ ನರಗುಂದದ ಸೋದರಮಾವ. ಬಂಧುಗಳಿಗೆ ಅವರ ಲಾವಣಿಗಳು ನೆನಪಿರಬೇಕು. ರಾತ್ರಿಯಿಡೀ ಹಾಡಿದರೂ ಮುಗಿಯದಷ್ಟು ಅವರ ಬಾಯಲ್ಲಿದ್ದವು. ಒಮ್ಮೆ ಬೇಸಿಗೆ ರಜೆಯಲ್ಲಿ ಶಾಲೆಯ ಟೇಪ್ ರೆಕಾರ್ಡರು ಒಂದು ವಾರ ನನ್ನ ಮನೆಯಲ್ಲಿಯೇ ಇತ್ತು, ಮಾಮಾ ಕೂಡ ಬಂದಿದ್ದರು. ನಾಳೆ ಮಾಡಿದರಾಯಿತೆಂದೆ. ರಜೆ ಮುಗಿಯಿತು, ಯಂತ್ರ ಶಾಲೆಗೆ ಮರಳಿತು, ಮಾಮಾ ಆ ಮಳೆಗಾಲವನ್ನು ದಾಟಲಿಲ್ಲ. ಮದುವೆ-ಮುಂಜಿಗಳಲ್ಲಿ ನಿಮ್ಮಲ್ಲಿ ಯಾರಾದರೂ ಅವರ ಹಾಡನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರೆ, ಎಷ್ಟೇ ಹಾಳಾಗಿರಲಿ, ದಯವಿಟ್ಟು ನನಗೆ ತಿಳಿಸಿರಿ.